ಒಲೆ ಕಾಣದ ಹಿಟ್ಟು

ರೋಬೋಟ್ ತನ್ನ ಮೇಲೆ ಹಗೆ ಸಾಧಿಸುತ್ತಿದೆ ಎಂದು ಜವಾದ್‌ಗೆ ಖಾತ್ರಿಯಾದದ್ದು ಭಾನುವಾರ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ. ರೋಬೋಟ್ ಎಂದರೆ ಕೈಕಾಲಿರುವಂಥದ್ದಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಅದರ ಉಸಿರಾಟವನ್ನೆಲ್ಲ ನೋಡಿಕೊಳ್ಳುವ ಕರ್ನೆಲ್ ಎಂಬ ತಿರುಳನ್ನು ಲೋಕದ ಸಾವಿರಾರು ಜನ ಕೂಡಿ ಬರೆಯುತ್ತಾರೆ. ಅವರು ಕಳಿಸುವ ಒಂದೊಂದು ಪ್ಯಾಚನ್ನೂ, ಅಂದರೆ ಒಂದೊಂದು ತೇಪೆಯನ್ನೂ, ತಾನೇ ಯಂತ್ರದ ಭಾಷೆಗಿಳಿಸಿ, ಕಂಪೈಲ್ ಮಾಡಿ ನೋಡಿ, ಆಗದಿದ್ದರೆ ಕಳಿಸಿದವನ ಹೆಸರು ಹಿಡಿದು ಇಡೀ ಬಳಗಕ್ಕೆ ಮೇಲ್ ಹಾಕುವ ಪ್ರೋಗ್ರಾಂ ಅದು, ಅಷ್ಟೆ. ಇದನ್ನೆಲ್ಲ ಮೊರಾಕೊದ ಮೆಕ್ನೆಸ್‌ನ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತ ಬಂದವನು ಅವನೇ. ಆದರೂ ಈಗ ಬಂದಿದ್ದ ರೋಬೋಟಿನ ಮೇಲ್‌ನ ‘ನಮಸ್ಕಾರ ಜವಾದ್, ನಿಮ್ಮ ಪ್ಯಾಚಿಗಾಗಿ ವಂದನೆಗಳು’ ಎಂಬ ಮೊದಲ ಸಾಲಿನಲ್ಲೇ ಒಂದು ಕೊಂಕು ಇದೆ ಎಂದು ಅವನಿಗೆ ಕಂಡಿತು. ಎರಡನೆಯ ಸಾಲಿನಲ್ಲಿ ಕೊಂಕೂ ಇರಲಿಲ್ಲ. ಬಿಲ್ಡ್ ಆಗಲಿಲ್ಲ, ಕಡತದ ಅರವತ್ತೊಂದನೆಯ ಸಾಲಿನಲ್ಲಿ ಕರೆದಿರುವ ಫಂಕ್ಷನ್ ಎಂಬ ಲೆಕ್ಕದ ತುಣುಕು ಯಾವುದೆಂದು ಎಲ್ಲೂ ಹೇಳಿಲ್ಲ, ಎಂದಿತ್ತು. ಈ ಮಾತು ನಾಲ್ಕು ಸಾವಿರ ಜನಕ್ಕೆ ಹೋಗಿತ್ತು. ಅವರಲ್ಲಿ ಮೂರು ಸಾವಿರದ ಒಂಬೈನೂರ ತೊಂಬತ್ತು ಜನ ಇಂಥದ್ದನ್ನು ಓದದೆ ಅಳಿಸಿಹಾಕುತ್ತಾರೆ ಎಂಬ ಸಮಾಧಾನ ಜವಾದ್‌ಗೆ ಹೊಳೆಯಲಿಲ್ಲ. ನಾಲ್ಕು ಸಾವಿರ ಜನ ಒಟ್ಟಿಗೆ ತಲೆಯೆತ್ತಿ ತನ್ನ ಕೋಣೆಯ ಕಡೆ ನೋಡುತ್ತಿದ್ದಾರೆ ಅನ್ನಿಸಿ ಅವನು ಎದ್ದುಹೋಗಿ ಕಿಟಕಿಯ ಪರದೆ ಎಳೆದ.

ಪ್ಯಾಚ್ ಇದ್ದದ್ದು ಹನ್ನೊಂದೇ ಸಾಲು. ಉಷ್ಣತೆ ಅಳೆಯುವ ಒಂದು ಅಗ್ಗದ ಚಿಪ್ ಸೊನ್ನೆಗಿಂತ ಕೆಳಗಿಳಿದ ಕೂಡಲೇ ಬುದ್ಧಿ ಕೆಟ್ಟು ಅರವತ್ತೈದು ಸಾವಿರ ಡಿಗ್ರಿ ಎಂದು ತೋರಿಸುತ್ತಿತ್ತು. ಅದನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದು ತಿದ್ದಹೊರಟವನು ತಾನು ಎಂಬುದು ಜವಾದ್‌ನ ಜೀವನದ ಒಂದು ದೊಡ್ಡ ಸಂಗತಿ. ಮೆಕ್ನೆಸ್‌ನಲ್ಲಿ ಅಂಥ ಚಳಿ ಎಲ್ಲಿಂದ ತರುವುದು? ಹಾಗಾಗಿ ಚಿಪ್ಪನ್ನು ವೈರು ಸಮೇತ ತಾಯಿಯ ಫ್ರೀಜರಿನಲ್ಲಿ, ಕುರಿಯ ತಲೆಗೂ ಕಳೆದ ವರ್ಷದ ಬಟಾಣಿಗೂ ನಡುವೆ, ಮೂರು ದಿನ ಇಟ್ಟಿದ್ದ. ಬಾಗಿಲು ಪೂರ್ತಿ ಮುಚ್ಚದೆ ನೀರು ಅಡುಗೆಮನೆಯೆಲ್ಲ ಹರಿದು, ತಾಯಿ ಲಲ್ಲಾ ಹನಿಯಾ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದಳು. ಪ್ಯಾಚಿನ ಜೊತೆಗಿನ ಟಿಪ್ಪಣಿಯಲ್ಲಿ ‘ನನ್ನ ತಾಯಿಯ ಫ್ರೀಜರಿನಲ್ಲಿ ಪರೀಕ್ಷಿಸಲಾಗಿದೆ’ ಎಂದು ಬರೆದ ಸುದ್ದಿ ಕೇಳಿದ ಮೇಲೆ ಮಾತ್ರ ಮಾತಾಡಿದಳು. ಬಟಾಣಿ ವಿಷಯಾನೂ ಬರ್ದಿದೀಯಾ, ಲೋಕದವರೆಲ್ಲ ನನ್ನ ಏನು ಅಂದ್ಕೋಬೇಕು, ಎಂದು.

ಆ ಹನ್ನೊಂದು ಸಾಲು ಈಗಾಗಲೇ ಎರಡು ಸಲ ವಾಪಸು ಬಂದಿತ್ತು. ವಾಪಸು ಕಳಿಸಿದವಳು ಕಾರೀನಾ, ಕರ್ನೆಲ್‌ನ ಈ ಮೂಲೆಯನ್ನು ನೋಡಿಕೊಳ್ಳುವ ಫಿನ್ಲೆಂಡಿನ ಹೆಂಗಸು. ಅವಳ ಮೇಲುಗಳಲ್ಲಿ ಏಳೆಂಟು ಶಬ್ದಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಮಾತಿಗೆ ತೆರಿಗೆ ಕಟ್ಟುವ ಊರಿನಲ್ಲಿ ಹುಟ್ಟಿದವಳಿರಬೇಕು. ನಿನ್ನೆ ಬರೆದಿದ್ದಳು, ಆ ಲೆಕ್ಕವನ್ನು ಕೈಯಾರೆ ಮಾಡಬೇಡಿ, ಅದಕ್ಕೊಂದು ಸಿದ್ಧ ಫಂಕ್ಷನ್ ಇದೆ, ಎಂದು. ಸರಿ, ಜವಾದ್ ಈ ಬೆಳಿಗ್ಗೆ ಎದ್ದು ಮೊದಲು ಇಡೀ ಕರ್ನೆಲನ್ನು ಹೊಸದಾಗಿ ಕಂಪೈಲ್ ಮಾಡಿ, ಜೋಡಿಸಿ, ಬಿಲ್ಡ್ ಮಾಡಿದ. ಎರಡೂವರೆ ಗಂಟೆ ಹಿಡಿದು ಹತ್ತಕ್ಕೆ ಮುಗಿಯಿತು. ಆಗ ನೆನಪಾಯಿತು, ರಂಜಾನಿಗೆ ನಾಲ್ಕೇ ದಿನ, ಪ್ರತಿ ವರ್ಷದ ಹಾಗೆ ಇವತ್ತಿನಿಂದ ರಂಜಾನ್ ಮುಗಿಯುವ ತನಕ ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದೆ. ಎಲ್ಲರ ಫೋನು, ಕಂಪ್ಯೂಟರು ತಾವೇ ಹಿಂದೆ ಹೋಗುತ್ತವೆ, ಜವಾದ್‌ನದು ಹೋಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಸರ್ಕಾರ ಇದ್ದಕ್ಕಿದ್ದಂತೆ ಗಂಟೆ ಬದಲಾಯಿಸುವುದಿಲ್ಲ ಎಂದಾಗ ಅವನ ಫೋನಿಗೆ ಆ ಸುದ್ದಿ ಮುಟ್ಟದೆ, ಅದು ತಾನಾಗಿ ಹಿಂದೆ ಸರಿದು, ರಬಾತ್‌ನಲ್ಲಿ ಸಂದರ್ಶನಕ್ಕೆ ಅವನು ಒಂದು ಗಂಟೆ ತಡವಾಗಿ ಹೋಗಿದ್ದ. ಸೂರ್ಯಕಾಂತಿ ಬೀಜ ಉಗಿಯುತ್ತ ಕೂತಿದ್ದ ಕಾವಲುಗಾರ, ಎಲ್ಲಾ ಮುಗೀತಲ್ಲಪ್ಪಾ, ಬೀಜ ಬೇಕಾದ್ರೆ ತಗೋ, ಎಂದಿದ್ದ. ಬೀಜ ತೆಗೆದುಕೊಂಡೆ ಎಂಬುದು ಜವಾದ್‌ನನ್ನು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ತನ್ನ ದೇಶದ ಗಂಟೆ ಯಂತ್ರಕ್ಕೆ ತಿಳಿಯುವುದಿಲ್ಲ ಎಂದು ತೀರ್ಮಾನಿಸಿ, ತಾನಾಗಿ ಬದಲಾಗುವ ಏರ್ಪಾಡನ್ನೆಲ್ಲ ಕಿತ್ತುಹಾಕಿ, ಮುಳ್ಳನ್ನು ತಾನೇ ತಿರುಗಿಸುತ್ತಾನೆ. ಹಾಗೆಯೇ ಈ ಬೆಳಿಗ್ಗೆ ಕಂಪ್ಯೂಟರಿನ ಹತ್ತು ಗಂಟೆ ಐದು ನಿಮಿಷವನ್ನು ಒಂಬತ್ತು ಗಂಟೆ ಐದು ನಿಮಿಷ ಮಾಡಿದ. ಚಹಾ ಕುಡಿದ. ಒಂಬತ್ತೂ ಇಪ್ಪತ್ತಕ್ಕೆ ಕಾರೀನಾ ಹೇಳಿದ ತಿದ್ದುಪಡಿ ಮಾಡಿ, ಬಿಲ್ಡ್ ಮಾಡಿದ. ಮೂರೇ ಸೆಕೆಂಡಿನಲ್ಲಿ ಆಗಿಹೋಯಿತು. ಯಂತ್ರಕ್ಕೆ ಹೊಸ ಮೆಮೊರಿ ಹಾಕಿಸಿದ್ದು ಸಾರ್ಥಕ ಎಂದುಕೊಂಡು ಪ್ಯಾಚ್ ಕಳಿಸಿದ.

ಆಮೇಲೆ ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ತಾಯಿ ಬಂದು ಹನ್ನೆರಡಾಯ್ತು, ಒಲೆಯಿಂದ ಹಿಟ್ಟು ತಗೊಂಡು ಬಾ ಎಂದಾಗ ಗೊಣಗದೆ ಎದ್ದ. ರಂಜಾನಿನ ಸಿಹಿತಿಂಡಿ ಸೆಲ್ಲುವಿಗೆ ಬೇಕಾದ ಹಿಟ್ಟು ಅದು. ಹಿಂದಿನ ದಿನವೇ ತಟ್ಟೆಯಲ್ಲಿ ಹರಡಿ, ಬಿಳಿ ಬಟ್ಟೆ ಮುಚ್ಚಿ, ಗುರುತಿಗೆ ಕೆಂಪು ದಾರ ಕಟ್ಟಿ, ಬೀದಿಯವರೆಲ್ಲ ಬೇಯಿಸಲು ಕೊಡುವ ಸಾಮೂಹಿಕ ಒಲೆಗೆ ಕೊಟ್ಟಿದ್ದಳು. ಒಲೆಯ ಯಜಮಾನ ಸೀ ಬೂಶ್ತಾ ಅದನ್ನು ಹೊಂಬಣ್ಣಕ್ಕೆ ಹುರಿದು ಕೊಡಬೇಕು. ಜವಾದ್ ಹೋದಾಗ ಬೂಶ್ತಾ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಬೆನ್ನು ಹಾಕಿ ಕೂತಿದ್ದ. ಕೆಂಪು ದಾರದ ತಟ್ಟೆ ಎಡಗಡೆಯ ಹಲಗೆಯ ಮೇಲಿತ್ತು. ಎಡಗಡೆ ಎಂದರೆ ಇನ್ನೂ ಒಲೆಗೆ ಹೋಗಬೇಕಾದದ್ದು, ಬಲಗಡೆ ಎಂದರೆ ಆದದ್ದು ಎಂಬುದು ಏಳು ವರ್ಷದವನಿದ್ದಾಗಿನಿಂದ ಜವಾದ್‌ಗೆ ಗೊತ್ತು. ಆದರೆ ರಂಜಾನಿನ ನೂಕುನುಗ್ಗಲು, ಜಾಗವಿಲ್ಲದೆ ಇಲ್ಲಿಟ್ಟಿದ್ದಾನೆ ಎಂದುಕೊಂಡ. ತಟ್ಟೆ ತಣ್ಣಗಿತ್ತು. ಬೇಗ ಆಗಿ ಆರಿದೆ ಎಂದುಕೊಂಡ. ಬುದ್ಧಿವಂತನಿಗೆ ಎಲ್ಲದಕ್ಕೂ ಒಂದು ಕಾರಣ ಸಿಗುತ್ತದೆ. ತಟ್ಟೆಯನ್ನು ತಂದು ಅಡುಗೆಮನೆಯಲ್ಲಿಟ್ಟು, ಕೈ ಕೊಡವಿಕೊಂಡು ಕೋಣೆಗೆ ಬಂದರೆ ರೋಬೋಟಿನ ಮೇಲ್ ಕಾದಿತ್ತು.

ಕುಣಿಯಲಾರದವಳಿಗೆ ನೆಲ ಡೊಂಕಂತೆ. ಜವಾದ್ ಮತ್ತೆ ಬಿಲ್ಡ್ ಮಾಡಿದ. ಮೂರು ಸೆಕೆಂಡು, ಒಂದು ದೋಷವೂ ಇಲ್ಲ. ಇನ್ನೊಮ್ಮೆ ಮಾಡಿದ, ಇಲ್ಲ. ಆಗ ಅವನು ಮಾಡಬಾರದ್ದನ್ನು ಮಾಡಿದ, ರೋಬೋಟಿಗೆ ಉತ್ತರ ಬರೆದ. ಮಾನ್ಯರೇ, ಎಂದು ಶುರುಮಾಡಿ, ತಮ್ಮ ಯಂತ್ರಕ್ಕೆ ಸ್ವಲ್ಪ ಜ್ವರ ಬಂದಿರಬಹುದು, ಇಲ್ಲಿ ಎಲ್ಲವೂ ಸುಸೂತ್ರವಾಗಿ ಕಂಪೈಲ್ ಆಗುತ್ತಿದೆ, ಪುರಾವೆ ಲಗತ್ತಿಸಿದೆ, ಇನ್ನು ಮುಂದೆ ಬೇರೆಯವರ ಹೆಸರು ಎತ್ತುವ ಮೊದಲು ತಮ್ಮ ಮನೆ ನೋಡಿಕೊಳ್ಳಬೇಕಾಗಿ ಕೋರಿಕೆ, ಎಂದು ಮೂರು ಪ್ಯಾರಾ ಬರೆದು ನಾಲ್ಕು ಸಾವಿರ ಜನರ ಮುಂದೆ ಕಳಿಸಿಬಿಟ್ಟ. ಕಳಿಸಿದ ಮರುಕ್ಷಣವೇ, ಮೇಲ್ ಒಂದನ್ನು ದಾರ ಕಟ್ಟಿ ಹಿಂದಕ್ಕೆಳೆಯುವ ಉಪಾಯ ಯಾರಾದರೂ ಕಂಡುಹಿಡಿಯಬಾರದಿತ್ತೇ ಅನ್ನಿಸಿತು. ಹತ್ತು ನಿಮಿಷಕ್ಕೆ ಕಾರೀನಾಳ ಮೇಲ್ ಬಂತು: ‘ನೀವು ಇದನ್ನು ಕಂಪೈಲ್ ಮಾಡಿದ್ದೀರಾ?’ ಜವಾದ್‌ನ ಕಿವಿ ಬಿಸಿಯಾಯಿತು. ಖಂಡಿತವಾಗಿ, ಹಲವು ಸಲ, ಎಂದು ಬರೆದ. ಮತ್ತೆ ಅವಳು: ‘ರೋಬೋಟ್‌ಗೆ ಆಗಬೇಕು. ಇಲ್ಲಿನ ಸಂಜೆ ಆರರೊಳಗೆ. ಇಲ್ಲದಿದ್ದರೆ ಮುಂದಿನ ಸುತ್ತು.’ ಮುಂದಿನ ಸುತ್ತು ಎಂದರೆ ಹತ್ತು ವಾರ. ಹತ್ತು ವಾರದಲ್ಲಿ ಇನ್ಯಾರಾದರೂ ತಮ್ಮ ತಾಯಿಯ ಫ್ರೀಜರ್ ತೆರೆದರೆ ಮುಗಿಯಿತು. ಫಿನ್ಲೆಂಡಿಗೂ ಮೆಕ್ನೆಸ್‌ಗೂ ಒಂದು ಗಂಟೆ ಅಂತರ, ಹಾಗಾದರೆ ತನಗೆ ಐದರವರೆಗೆ ಸಮಯವಿದೆ ಎಂದು ಲೆಕ್ಕ ಹಾಕಿದ.

ಇಡೀ ಕರ್ನೆಲನ್ನು ಒರೆಸಿಹಾಕಿ ಮೊದಲಿಂದ ಬಿಲ್ಡ್ ಮಾಡಿದರೆ ಎಲ್ಲ ಬಯಲಾಗುತ್ತದೆ ಎಂಬುದು ಅವನಿಗೆ ತಿಳಿಯದ್ದೇನಲ್ಲ. ಆದರೆ ಅದು ಎರಡೂವರೆ ಗಂಟೆ. ಅಲ್ಲದೆ ಹಾಗೆ ಮಾಡುವುದೆಂದರೆ ತಪ್ಪು ತನ್ನದಿರಬಹುದು ಎಂದು ಒಪ್ಪಿದಂತೆ. ಕಡತವನ್ನು ಮುಟ್ಟಲೂ ಅವನಿಗೆ ಮನಸ್ಸಾಗಲಿಲ್ಲ, ಸರಿಯಾಗಿರುವುದನ್ನು ಮುಟ್ಟುವುದೇಕೆ? ಬದಲಿಗೆ ರೋಬೋಟಿನ ವರದಿಯನ್ನು ಕೊನೆತನಕ ಓದಿದ. ಅದು ಬಳಸಿದ ಕಂಪೈಲರ್ ತನ್ನದಕ್ಕಿಂತ ಹೊಸದು ಎಂದು ಹಿಗ್ಗಿದ, ಅಲ್ಲ, ಹಳೆಯದರಲ್ಲೂ ಅದೇ ದೋಷ ಎಂದು ಕೆಳಗೆ ಬರೆದಿದ್ದು ಕಂಡು ಕುಗ್ಗಿದ. ನಡುನಡುವೆ ಬಿಲ್ಡ್ ಮಾಡುತ್ತಲೇ ಇದ್ದ. ಮೂರು ಸೆಕೆಂಡು, ದೋಷವಿಲ್ಲ. ನಲವತ್ತು ಸಲ ಮಾಡಿದ, ಜಪದ ಹಾಗೆ. ಬಿಲ್ಡ್ ಹೊರಹಾಕುವ ನೂರಾರು ಸಾಲುಗಳನ್ನು ಅವನು ನೋಡುತ್ತಿರಲಿಲ್ಲ. ‘ದೋಷ’ ಎಂಬ ಶಬ್ದವಿರುವ ಸಾಲನ್ನು ಮಾತ್ರ ತೋರಿಸು ಎಂದು ಯಂತ್ರಕ್ಕೆ ಹೇಳಿಟ್ಟಿದ್ದ. ಎಚ್ಚರಿಕೆಗಳೆಲ್ಲ ಕಾಣದ ಒಂದು ಕಡತಕ್ಕೆ ಹೋಗಿ ಬೀಳುತ್ತಿದ್ದವು. ಖೌಲಾ ಎಂಬ ಹುಡುಗಿ ನೆನಪಾದಳು. ಐದು ವರ್ಷದ ಹಿಂದೆ ಲ್ಯಾಬಿನಲ್ಲಿ ಒಂದೊಂದು ಎಚ್ಚರಿಕೆಯನ್ನೂ ಬೆರಳಿಟ್ಟು ಓದುತ್ತ ಕೂತಿದ್ದವಳನ್ನು ನೋಡಿ, ಇದನ್ನೆಲ್ಲ ಓದ್ತಾ ಕೂತ್ರೆ ಅಜ್ಜಿ ಆಗ್ತೀಯ ಕಣಮ್ಮಾ, ಎಂದು ಅವನು ಹೇಳಿದ್ದ, ತರಗತಿ ನಕ್ಕಿತ್ತು, ಇಪ್ಪತ್ತಕ್ಕೆ ಒಂಬತ್ತು ಕೊಟ್ಟಿದ್ದ. ಅವಳ ಮೂರು ಪ್ಯಾಚುಗಳು ಈಗ ಕರ್ನೆಲ್‌ನಲ್ಲಿವೆ. ಅವಳೂ ಆ ಬಳಗದಲ್ಲಿದ್ದಾಳೆ. ಈಗ ಎಲ್ಲಿಯೋ ಕೂತು, ಮಾನ್ಯರೇ, ಎಂಬುದನ್ನು ಓದುತ್ತಿರುತ್ತಾಳೆ. ಓದಿ ನಗದಿದ್ದರೆ ಇನ್ನೂ ಕಷ್ಟ, ಅವಳು ಒಳ್ಳೆಯ ಹುಡುಗಿ, ನಗಲಿಕ್ಕಿಲ್ಲ ಎಂದು ಹೊಳೆದು ಜವಾದ್ ಇನ್ನೊಮ್ಮೆ ಬಿಲ್ಡ್ ಮಾಡಿದ. ಮೊದಲೇ ಒರೆಸಿ ಬಿಲ್ಡ್‌ಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತಲ್ಲ ಎಂದು ಎರಡು ಗಂಟೆಗೆ ಒಂದು ಸಲ, ಎರಡೂವರೆಗೆ ಒಂದು ಸಲ, ಮೂರಕ್ಕೆ ಒಂದು ಸಲ ಅಂದುಕೊಂಡ.

ಅಡುಗೆಮನೆಯಿಂದ ಹುರಿದ ಎಳ್ಳಿನ ಘಮ ಬರುತ್ತಿತ್ತು. ಮೂರೂವರೆಗೆ ಆ ಘಮದೊಳಗಿಂದ ತಾಯಿಯ ಧ್ವನಿ ಬಂತು, ಮೆತ್ತಗೆ. ಅವಳ ಧ್ವನಿ ಮೆತ್ತಗಾದರೆ ಜವಾದ್‌ಗೆ ಈಗಲೂ ಹೆದರಿಕೆ.

“ಜವಾದ್. ಇಲ್ಲಿ ಬಾ. ಇದೇನು?”

“ಹಿಟ್ಟು ಯಮ್ಮಾ. ನೀನೇ ತಾ ಅಂದ್ಯಲ್ಲ.”

ಲಲ್ಲಾ ಹನಿಯಾ ಬಟ್ಟೆ ಎತ್ತಿ ಹಿಡಿದಿದ್ದಳು. ಹಿಟ್ಟು ಬಿಳಿ ಗೋಡೆಯ ಹಾಗೆ ಬಿಳಿಯಾಗಿತ್ತು. ಅವಳು ಒಂದು ಚಿಟಿಕೆ ತೆಗೆದು ಅವನ ಅಂಗೈಗೆ ಹಾಕಿದಳು.

“ಇದು ಒಲೆ ಮುಖಾನೇ ನೋಡಿಲ್ಲ. ಹೋಗಿ ತಂದ್ಯಲ್ಲ, ಬಟ್ಟೆ ಎತ್ತಿ ನೋಡೋಕೆ ಏನಾಗಿತ್ತು ನಿಂಗೆ? ಜಗತ್ತಿನ ಕಂಪ್ಯೂಟರ್ ಎಲ್ಲಾ ರಿಪೇರಿ ಮಾಡ್ತೀಯ.”

ಒಲೆ ಆರುವ ಮೊದಲು ವಾಪಸು ಕೊಟ್ಟು ಬಾ, ಸೆಲ್ಲು ಇಲ್ಲದೆ ರಂಜಾನ್ ಮಾಡಿದ ಮನೆ ಅಂತ ಹೆಸರು ಬರೋದು ಬೇಡ, ಎಂದು ತಟ್ಟೆಯನ್ನು ಅವನ ಕೈಗಿಟ್ಟಳು. ಇನ್ನೂ ಒಂದೂವರೆ ಗಂಟೆ ಇದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಜವಾದ್ ಓಡಿದ. ಎದುರಾದ ಪಕ್ಕದ ಮನೆಯವರು ಸಲಾಮು ಹೇಳಿದರೆ, ಅವರೂ ಬಳಗದ ಮೇಲ್ ಓದಿರಬಹುದೇ ಎಂದು ಅನುಮಾನವಾಯಿತು. ಅವರು ದನದ ವ್ಯಾಪಾರಿ.

ಸೀ ಬೂಶ್ತಾ ತಟ್ಟೆ ನೋಡಿದ, ಜವಾದ್‌ನನ್ನು ನೋಡಿದ, ಆಮೇಲೆ ತನ್ನ ಉದ್ದ ಹಿಡಿಯ ಹಲಗೆಯನ್ನು ಗೋಡೆಗೊರಗಿಸಿದ.

“ಓಹೋ, ಕಳ್ಳ ನೀನೇನಪ್ಪಾ ಮೇಷ್ಟ್ರೇ? ನಾನು ಬೆಕ್ಕಿಂದ ಹಿಡ್ದು ಪೊಲೀಸರ ತನಕ ಎಲ್ಲಾರ ಮೇಲೂ ಅನುಮಾನ ಪಟ್ಟೆ. ಹನ್ನೆರಡಕ್ಕೆ ಬಾ ಅಂದಿದ್ದೆ ನಿಮ್ಮಮ್ಮಂಗೆ.”

“ಹನ್ನೆರಡಕ್ಕೇ ಬಂದಿದ್ದೆ, ಸೀ ಬೂಶ್ತಾ.”

“ಯಾರ ಹನ್ನೆರಡು? ನೀನು ಬಂದಾಗ ಹನ್ನೊಂದು. ನಿಮ್ಮಮ್ಮ ಚಂದ್ರ ಕಾಣೋ ತನಕ ಗೋಡೆ ಗಡಿಯಾರ ಮುಟ್ಟಲ್ಲ, ಇಡೀ ಬೀದಿಗೆ ಗೊತ್ತು. ನಿಂಗೊಬ್ಬಂಗೆ ಗೊತ್ತಿಲ್ಲ. ಹಳೇ ಗಂಟೇಲಿ ಹೊರಟು ಹೊಸ ಗಂಟೆ ಒಲೆಗೆ ಬಂದ್ರೆ ಹಸಿ ಹಿಟ್ಟೇ ಸಿಗೋದು.”

ಜವಾದ್ ಬೆಳಗಿನ ಗಂಟೆಗಳನ್ನು ಒಂದೊಂದಾಗಿ ಎಣಿಸಿದ. ಒಲೆಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಹತ್ತು ಗಂಟೆಗೆ ಬಿಲ್ಡ್ ಮುಗಿದಿತ್ತು. ಆಮೇಲೆ ಕೈಯಾರೆ ಗಡಿಯಾರ ಹಿಂದಕ್ಕೆ ತಿರುಗಿಸಿದ್ದ. ತಿದ್ದುಪಡಿ ಮಾಡಿದ್ದು ಒಂಬತ್ತೂ ಇಪ್ಪತ್ತಕ್ಕೆ. ಬಿಲ್ಡ್ ಮಾಡುವ ಪ್ರೋಗ್ರಾಂ ಬಡಪಾಯಿ, ಅದು ನೋಡುವುದು ಗಂಟೆಯನ್ನು ಮಾತ್ರ: ಕಡತ ಒಂಬತ್ತೂ ಇಪ್ಪತ್ತರದು, ಅದನ್ನು ಬೇಯಿಸಿಟ್ಟದ್ದು ಹತ್ತರದು, ಅಂದರೆ ಬೇಯಿಸಿದ್ದೇ ಹೊಸದು, ಮತ್ತೆ ಬೇಯಿಸುವ ಅಗತ್ಯವಿಲ್ಲ. ಮೂರು ಸೆಕೆಂಡು. ನಲವತ್ತು ಸಲ. ಕಂಪೈಲರ್ ಅವನ ತಿದ್ದುಪಡಿಯ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಅವನು ಗೆದ್ದೆ ಗೆದ್ದೆ ಎಂದು ಲೋಕಕ್ಕೆಲ್ಲ ಸಾರಿದ್ದು ಬಟ್ಟೆ ಮುಚ್ಚಿದ ಹಸಿ ಹಿಟ್ಟನ್ನು.

“ಏನಾಯ್ತಪ್ಪಾ? ನೀರು ಬೇಕಾ?” ಎಂದ ಬೂಶ್ತಾ.

ಬೇಡ ಎಂದ ಜವಾದ್. ಒಲೆ ಮುಚ್ಚುವ ಹೊತ್ತಾಗಿತ್ತು. ಸರದಿ ತಪ್ಪಿಸಿಕೊಂಡ ತಟ್ಟೆಯನ್ನು ಬೂಶ್ತಾ ತೆಗೆದುಕೊಳ್ಳಬೇಕಾಗಿರಲಿಲ್ಲ. ಅವನು ಬಟ್ಟೆ ತೆಗೆದು ತಟ್ಟೆಯನ್ನು ಉದ್ದ ಹಿಡಿಯ ಹಲಗೆಯ ಮೇಲಿಟ್ಟು ಒಳಗೆ ತಳ್ಳಿದ. ಒಲೆ ಬಿಸಿ ಇದೆ, ಇದೂ ಆಗತ್ತೆ, ಸಂಜೆ ನಾನೇ ಕಳಿಸ್ತೀನಿ ಹೋಗು, ಎಂದ.

ಮನೆಗೆ ಬಂದು ಜವಾದ್ ಮೊದಲು ಆ ಕಾಣದ ಕಡತವನ್ನು ತೆರೆದ. ಒಂಬತ್ತೂ ಇಪ್ಪತ್ತರ ಬಿಲ್ಡಿನ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ಗಡಿಯಾರದಲ್ಲಿ ಹೆಚ್ಚುಕಮ್ಮಿ ಕಾಣುತ್ತಿದೆ, ನಿಮ್ಮ ಬಿಲ್ಡ್ ಅಪೂರ್ಣವಾಗಿರಬಹುದು, ಎಂದು ಇತ್ತು. ಎಷ್ಟು ವಿನಯದಿಂದ ಹೇಳಿತ್ತು! ಖೌಲಾ ಆಗಿದ್ದರೆ ಅದರ ಮೇಲೆ ಬೆರಳಿಡುತ್ತಿದ್ದಳು. ಅವನು ಪ್ಯಾಚಿನ ಕಡತ ತೆರೆದು, ಅದಕ್ಕೆ ಈಗಿನ ಗಂಟೆ ಅಂಟಲೆಂದು, ಒಂದು ಖಾಲಿ ಜಾಗ ಒತ್ತಿ, ಅಳಿಸಿ, ಉಳಿಸಿದ. ಬಿಲ್ಡ್ ಮಾಡಿದ. ಈ ಸಲ ಮೂರು ಸೆಕೆಂಡಿಗೆ ನಿಲ್ಲಲಿಲ್ಲ. ಹತ್ತು, ಇಪ್ಪತ್ತು, ಆಮೇಲೆ ಪರದೆಯ ಮೇಲೆ ಕೆಂಪಾಗಿ: ದೋಷ, ಸಾಲು ಅರವತ್ತೊಂದು, ಈ ಫಂಕ್ಷನ್ ಯಾವುದೆಂದು ಹೇಳಿಲ್ಲ. ರೋಬೋಟ್ ಹೇಳಿದ್ದೇ, ಅಕ್ಷರ ಅಕ್ಷರ. ಮೂವತ್ತಾರು ವರ್ಷದ ಗಂಡಸು, ಕಾಲೇಜಿನ ಮೇಷ್ಟ್ರು, ಆ ದೋಷವನ್ನು ಕಂಡು ಕುರ್ಚಿಯಿಂದ ಎದ್ದು ಕೈ ತಟ್ಟಿದ. ಬಂತು ಯಮ್ಮಾ, ಬಂತು, ಎಂದು ಕೂಗಿದ. ಏನು ಬಂತೋ ಎಂದು ತಾಯಿ ಸೌಟು ಹಿಡಿದು ಓಡಿಬಂದಳು. ತಪ್ಪು, ಎಂದ. ಲಲ್ಲಾ ಹನಿಯಾ ಸೌಟಿನ ಸಮೇತ ವಾಪಸು ಹೋದಳು.

ಔಷಧಿ ಒಂದೇ ಸಾಲು. ಬೇರೆಯವರ ಮನೆಯ ಪಾತ್ರೆ ಬಳಸುವವನು ಅದು ಯಾರ ಮನೆಯದೆಂದು ಮೊದಲೇ ಹೇಳಬೇಕು. ಆ ಫಂಕ್ಷನ್ ಯಾವ ಕಡತದಿಂದ ಬಂದದ್ದು ಎಂದು ಮೇಲ್ಗಡೆ ಬರೆಯುವುದನ್ನು ಅವನು ಮರೆತಿದ್ದ. ಬರೆದ. ಬಿಲ್ಡ್ ಆಯಿತು, ನಿಜವಾಗಿ ಆಯಿತು, ನಲವತ್ತು ಸೆಕೆಂಡು ಹಿಡಿಯಿತು. ನಾಲ್ಕೂ ಇಪ್ಪತ್ತು. ಐದಕ್ಕೆ ಇನ್ನೂ ನಲವತ್ತು ನಿಮಿಷ ಎಂದು ಬೆನ್ನು ಕುರ್ಚಿಗೆ ಒರಗಿಸಿದವನು ಹಾಗೆಯೇ ಮುಂದಕ್ಕೆ ಬಗ್ಗಿದ. ಗಡಿಯಾರ ಒಂದು ಗಂಟೆ ಹಿಂದೆ ಹೋಗಿದೆ. ಫಿನ್ಲೆಂಡ್ ಹೋಗಿಲ್ಲ. ಅಂತರ ಈಗ ಎರಡು ಗಂಟೆ. ಅಲ್ಲಿ ಆರು ಹೊಡೆದು ಇಪ್ಪತ್ತು ನಿಮಿಷವಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನು ಸುಮಾರು ಒಂದು ನಿಮಿಷ ನಿಜವಾಗಿ ದುಃಖಪಟ್ಟ. ಆಗ ಇನ್ನೊಂದು ಹೊಳೆಯಿತು, ಹೊಳೆಯಬಾರದಿತ್ತು. ಅವನು ತಿರುಗಿಸಿದ್ದು ಮುಳ್ಳನ್ನು ಮಾತ್ರ. ಯಂತ್ರ ಇನ್ನೂ ತಾನು ಹಳೆಯ ಗಂಟೆಯ ಮೊರಾಕೊದಲ್ಲೇ ಇದ್ದೇನೆ ಎಂದುಕೊಂಡಿತ್ತು. ಈಗ ಮೇಲ್ ಕಳಿಸಿದರೆ ಅದರ ತಲೆಯ ಮೇಲೆ ಬೀಳುವ ಸಮಯದ ಮುದ್ರೆ, ಫಿನ್ಲೆಂಡಿನ ಲೆಕ್ಕದಲ್ಲಿ, ಐದೂ ಇಪ್ಪತ್ತು. ಗಡುವಿಗೆ ನಲವತ್ತು ನಿಮಿಷ ಮೊದಲು. ಸುಳ್ಳು ಹೇಳಬೇಕಾಗಿಲ್ಲ, ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಗುಂಡಿ ಒತ್ತಿದರೆ ಸಾಕು. ದಿನವಿಡೀ ಅವನ ಮಾನ ಕಳೆದ ಗಡಿಯಾರ ಈಗ ಅವನ ಕಿವಿಯಲ್ಲಿ, ಬಾ, ನಾನಿದ್ದೀನಿ, ಎನ್ನುತ್ತಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು. ಹನ್ನೊಂದು ಸಾಲು, ತನ್ನ ಹೆಸರು, ಕಾಲೇಜಿನ ಸ್ಟಾಫ್ ರೂಮು. ಮುದ್ರೆ ನೋಡುವವರು ಯಾರು? ಬಟ್ಟೆ ಎತ್ತುವವರು ಯಾರು? ಎಂದು ಕೇಳಿಕೊಂಡದ್ದೇ ತಪ್ಪಾಯಿತು, ಬಿಳಿ ಹಿಟ್ಟು ಇನ್ನೂ ಅಂಗೈಯ ಗೆರೆಗಳಲ್ಲಿ ಇತ್ತು. ಛೀ, ಎಂದು ಅವನು ಕಂಪ್ಯೂಟರಿನ ಗಡಿಯಾರದ ಕಡೆ ಹೋದ. ಎಷ್ಟೋ ವರ್ಷಗಳ ಹಿಂದೆ ಕಿತ್ತುಹಾಕಿದ್ದ ಏರ್ಪಾಡನ್ನು ಮತ್ತೆ ಜೋಡಿಸಿದ, ಇನ್ನು ಮೇಲೆ ನೀನೇ ನೋಡಿಕೋ ಎಂದು ಯಂತ್ರಕ್ಕೆ ಬಿಟ್ಟುಕೊಟ್ಟ. ಆಮೇಲೆ ಕೂತು ಎಲ್ಲವನ್ನೂ ಬರೆದ: ಗಡಿಯಾರ, ತಟ್ಟೆ, ಕೆಂಪು ದಾರ, ಎತ್ತಿ ನೋಡದ ಬಟ್ಟೆ, ತಾಯಿಯ ಗೋಡೆ ಗಡಿಯಾರ, ಎಡಗಡೆಯ ಹಲಗೆ, ನಲವತ್ತು ಸಲ. ರೋಬೋಟಿಗೆ ಬೇರೆಯಾಗಿ ಒಂದು ಪ್ಯಾರಾ ಕ್ಷಮೆ ಕೇಳಿದ. ಖೌಲಾಳ ಹೆಸರು ಬರೆಯಲು ಹೋಗಿ ಧೈರ್ಯ ಸಾಲದೆ, ‘ಎಚ್ಚರಿಕೆಗಳನ್ನು ಓದುವ ನನ್ನ ಒಬ್ಬ ವಿದ್ಯಾರ್ಥಿನಿಗೆ ಒಂಬತ್ತು ಅಂಕ ಕೊಟ್ಟದ್ದು ನನ್ನ ತಪ್ಪು’ ಎಂದು ಬರೆದು, ಕಣ್ಣು ಮುಚ್ಚಿ ಕಳಿಸಿದ. ಮುದ್ರೆ ಬಿತ್ತು, ಫಿನ್ಲೆಂಡಿನ ಲೆಕ್ಕದಲ್ಲಿ ಆರೂ ನಲವತ್ತೊಂದು.

ಕಾರೀನಾಳ ಮೇಲ್ ಬರಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಬೂಶ್ತಾನ ಕಡೆಯಿಂದ ತಟ್ಟೆ ಬಂದಿತ್ತು. ಬಾಗಿಲಲ್ಲೇ ಜವಾದ್ ಬಟ್ಟೆ ಎತ್ತಿ ನೋಡಿ, ಮೂಸಿ, ಮತ್ತೊಮ್ಮೆ ಎತ್ತಿ ನೋಡಿ ಒಳಗೆ ಬಿಟ್ಟುಕೊಂಡಿದ್ದ. ಅವಳು ಬರೆದದ್ದು ಇಷ್ಟು: ‘ತಡ. ತಗೊಂಡೆ. ಮುಂದಿನ ಸಲ ಬಟ್ಟೆ ಎತ್ತಿ ನೋಡಿ.’ ಜವಾದ್ ಅದನ್ನು ಏಳು ಸಲ ಓದಿದ. ಖೌಲಾಳದೂ ಒಂದು ಬಂದಿತ್ತು, ಅವನಿಗೆ ಮಾತ್ರ: ‘ಸರ್, ಇಪ್ಪತ್ತಕ್ಕೆ ಎಷ್ಟು ಕೊಡ್ತೀರಿ ಈಗ?’ ಅದನ್ನು ಓದಿ ಮೊದಲು ಅಂಜಿದ, ಆಮೇಲೆ ಒಬ್ಬನೇ ನಕ್ಕ.

ರೋಬೋಟಿನಿಂದ ಮಾತ್ರ ಏನೂ ಬರಲಿಲ್ಲ. ಕತ್ತಲಾಗುವವರೆಗೆ ಅವನು ಐದೈದು ನಿಮಿಷಕ್ಕೆ ಮೇಲ್ ಪೆಟ್ಟಿಗೆ ತೆರೆದು ನೋಡಿದ. ಅಷ್ಟು ಉದ್ದ ಕ್ಷಮೆ ಕೇಳಿದ್ದಾನೆ, ಒಂದು ಸಾಲು ಬರೆಯಬಾರದೇ? ಎಲ್ಲ ಸರಿಯಿದ್ದರೆ ಅದು ಬರೆಯುವುದಿಲ್ಲ, ತಪ್ಪಿದ್ದರೆ ಮಾತ್ರ ಬಾಯಿ ಬಿಡುತ್ತದೆ ಎಂದು ಹನ್ನೊಂದು ವರ್ಷ ಪಾಠ ಮಾಡಿದವನು ಅವನೇ. ಲಲ್ಲಾ ಹನಿಯಾ ಹುರಿದ ಹಿಟ್ಟಿಗೆ ಬಾದಾಮಿ, ಎಳ್ಳು, ಬೆಣ್ಣೆ, ಜೇನು ಕಲೆಸಿ, ಬಟ್ಟಲಲ್ಲಿ ಗೋಪುರ ಮಾಡಿ ತಂದು ಅವನ ಮೇಜಿನ ಮೇಲಿಟ್ಟಳು. ಯಮ್ಮಾ, ನನ್ನ ಪ್ಯಾಚ್ ತಗೊಂಡ್ರು, ಎಂದ ಜವಾದ್. ಅವಳು ಪರದೆಯ ಕಡೆ ನೋಡಿದಳು, ಅವನ ಕಡೆ ನೋಡಿದಳು, ಬಟ್ಟಲಿನಿಂದ ತುದಿ ಬೆರಳಲ್ಲಿ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡಳು, ಸ್ವಲ್ಪ ಹೊತ್ತು ಚಪ್ಪರಿಸಿದಳು. ಚಮಚವನ್ನು ಅವನ ಕಡೆ ತಿರುಗಿಸಿಟ್ಟು ಒಳಗೆ ಹೋದಳು. ಜವಾದ್ ಪೆಟ್ಟಿಗೆ ಮುಚ್ಚಿ ಚಮಚ ಎತ್ತಿಕೊಂಡ.